ಕಸದ ಹೊತ್ತು

ನಮ್ಮ ಓಣಿಗೆ ಕಸದ ಗಾಡಿ ಬರುವುದು ಮುಂಜಾನೆ ಎಂಟೂವರೆ ಸುಮಾರಿಗೆ. ದೂರದಿಂದಲೇ ಹಾಡು ಹಾಕಿಕೊಂಡು ಬರುತ್ತದೆ, ಆದರೆ ನಮ್ಮ ಗೇಟಿನ ಮುಂದೆ ನಿಲ್ಲುವುದು ಮಾತ್ರ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಅಷ್ಟರೊಳಗೆ ಒಬ್ಬರು ಬಕೆಟ್ ಹಿಡಿದು ಅಲ್ಲಿರಬೇಕು. 2021ರ ಡಿಸೆಂಬರ್ 3, ಶುಕ್ರವಾರ, ಹಾಗೆ ಇರಬೇಕಾಗಿದ್ದವನು ನನ್ನ ತಂಗಿಯ ಮಗ. ಪಿಯುಸಿ ಓದಲೆಂದು ಸಿಂದಗಿಯಿಂದ ವಿಜಯಪುರಕ್ಕೆ ಬಂದು ನಮ್ಮಲ್ಲೇ ಇದ್ದ. ಅವನೋ, ಚಾದರ ಹೊದ್ದು ಸೋಫಾದ ಮೂಲೆಯಲ್ಲಿ ಮೊಬೈಲಿನೊಳಗೆ ಮುಖ ಇಟ್ಟು ಕೂತಿದ್ದ.

"ತಮ್ಮಾ, ಗಾಡಿ ಬಂತು ನೋಡೋ," ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ.

"ತಡೀರಿ ಅತ್ತಿ, ಗಾರ್ಬೇಜ್ ಟೈಮ್ ನಡದೈತಿ."

"ನಾ ಮತ್ತೇನ್ ಹೇಳ್ಲಾಕತ್ತೀನಿ!"

ಗಾಡಿ ಹೋಯಿತು. ಬಕೆಟ್ ಹಿಡಿದು ಓಡಿದವನು ನಾನು. ಬ್ಯಾಂಕಿನಿಂದ ನಿವೃತ್ತನಾಗಿ ಆಗಿನ್ನೂ ಎರಡು ತಿಂಗಳು ಆಗಿರಲಿಲ್ಲ. ಲುಂಗಿ ಎತ್ತಿಕಟ್ಟಿ, ಬರಿಗಾಲಲ್ಲಿ, ಎರಡು ಓಣಿ ಆಚೆ ಗಾಡಿಯನ್ನು ಹಿಡಿದೆ. ಏದುಸಿರು ಬಿಡುತ್ತ ಬಂದು ನೋಡಿದರೆ ಹುಡುಗ ಹಾಗೇ ಕೂತಿದ್ದಾನೆ. ಮುಖ ಮಾತ್ರ ಮನೆಯಲ್ಲಿ ಯಾರೋ ಹೋದವರ ಹಾಗೆ.

ಹೋದದ್ದು ಒಕ್ಲಹೋಮಾ ಸಿಟಿ ಥಂಡರ್ ಎಂಬ ಬಾಸ್ಕೆಟ್‌ಬಾಲ್ ತಂಡದ ಮಾನ. ಮೆಂಫಿಸ್ ಗ್ರಿಜ್ಲೀಸ್ 152, ಥಂಡರ್ 79. ಅಂತರ 73. ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗು, ಅದರ ಇತಿಹಾಸದಲ್ಲೇ ಇಷ್ಟು ದೊಡ್ಡ ಸೋಲು ಇನ್ನೊಂದಿಲ್ಲವಂತೆ. ಮೊದಲಿನ ದಾಖಲೆ 1991ರದು, ಕ್ಲೀವ್‌ಲ್ಯಾಂಡಿನವರು ಮಯಾಮಿಗೆ ಕೊಟ್ಟ 68ರ ಪೆಟ್ಟು. ಸಿಂದಗಿಯ ಹುಡುಗನಿಗೆ ಈ ಒಕ್ಲಹೋಮಾ ಎಲ್ಲಿಂದ ಅಂಟಿಕೊಂಡಿತೋ ದೇವರೇ ಬಲ್ಲ. ಮನೆದೇವರು ಯಾರೋ ಎಂದರೆ ಅವ್ವನ ಕಡೆ ನೋಡುತ್ತಾನೆ, ಥಂಡರಿನ ಹದಿನೈದು ಜನರ ಜಾತಕ ಮಾತ್ರ ಬಾಯಿಪಾಠ.

"ಶೇ ಇರ್ಲಿಲ್ಲ ಮಾಮಾ," ಎಂದ. ಶೇ ಎಂದರೆ ಶೇ ಗಿಲ್ಜಿಯಸ್ ಅಲೆಕ್ಸಾಂಡರ್, ಅವರ ಮುಖ್ಯ ಆಟಗಾರ. ತಲೆಗೆ ಪೆಟ್ಟಾಗಿ ಕೂತಿದ್ದನಂತೆ. ಸರಿ, ಆದರೆ ಆ ಕಡೆಯ ಮುಖ್ಯ ಆಟಗಾರ ಜಾ ಮೊರಾಂಟ್ ಕೂಡ ಗಾಯವಾಗಿ ಹೊರಗೇ ಇದ್ದ. ಇದನ್ನು ಬಾಯಿ ಬಿಡಿಸಲು ನನಗೆ ಎರಡು ಕಪ್ ಚಹಾ ಬೇಕಾಯಿತು. ಅರ್ಧ ಆಟಕ್ಕೇ 72–36. ಮೆಂಫಿಸ್ಸಿನ ಜ್ಯಾರೆನ್ ಜ್ಯಾಕ್ಸನ್ ಒಬ್ಬನೇ 27 ಹೊಡೆದ. ಥಂಡರ್ ಕಡೆ ಎಲ್ಲರಿಗಿಂತ ಹೆಚ್ಚು ಹೊಡೆದವನು ಡಾರ್ಟ್, 15. ಆಟ ಎಂದೋ ಮುಗಿದು, ಗಡಿಯಾರ ಮಾತ್ರ ಮುಗಿಯದೆ ಉಳಿದಾಗ, ದೊಡ್ಡವರನ್ನೆಲ್ಲ ಬೆಂಚಿಗೆ ಕರೆದು ಕಡೆಯ ಹುಡುಗರನ್ನು ಇಳಿಸುತ್ತಾರಲ್ಲ, ಆ ಹೊತ್ತಿಗೆ ಗಾರ್ಬೇಜ್ ಟೈಮ್ ಅನ್ನುತ್ತಾರಂತೆ. ಕಸದ ಹೊತ್ತು.

ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಕನ್ನಡ ಪತ್ರಿಕೆಗಳ ಕ್ರೀಡಾಪುಟವೇನೂ ಕಮ್ಮಿಯಲ್ಲ, ಅಲ್ಲಿ ಸೋತವರು ಒಂದೋ ಮಣ್ಣು ಮುಕ್ಕುತ್ತಾರೆ, ಇಲ್ಲವೇ ಧೂಳೀಪಟವಾಗುತ್ತಾರೆ. ಸೋಲಿಗೆ 'ಹೀನಾಯ' ಬಿಟ್ಟರೆ ಗತಿಯಿಲ್ಲ. ಆದರೂ ಮಣ್ಣು ಮುಕ್ಕುವುದರಲ್ಲಿ ಒಂದು ಹೊಡೆದಾಟವಾದರೂ ಇದೆ. ಕಸ ಅಂದರೆ ಏನು? ಎಂಟೂವರೆಗೆ ಗಾಡಿ ಬಂದು ಒಯ್ಯಬೇಕಾದದ್ದು.

ನಾನೂ ಒಂದು ಕಾಲಕ್ಕೆ ಆ ಕಸದೊಳಗೆ ಇದ್ದವನು.

73 ಎಂದು ಕಿವಿಗೆ ಬಿದ್ದದ್ದೇ ಹಾಲಿನ ಲೆಕ್ಕದ ಕ್ಯಾಲೆಂಡರ್ ಮೇಲೆ ಪೆನ್ಸಿಲ್ ಇಟ್ಟೆ. ನಮ್ಮದು 71–6, ಅಂತರ 65. ನಲವತ್ತೈದು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು ಎನ್ನುವಷ್ಟರಲ್ಲಿ ಅಳಿಯ, "ಎನ್‌ಬಿಎದಾಗ 48 ನಿಮಿಷ ಮಾಮಾ, ನಿಮ್ಮದು?" ಎಂದ. ನಮ್ಮದು ನಲವತ್ತು. ನಿಮಿಷದ ಲೆಕ್ಕಕ್ಕೆ ಅವರು ಸೋತದ್ದು 1.52, ನಾವು 1.62. ಕಲ್ಲು ಮತ್ತೆ ಏರಿ ಕೂತಿತು.

1976. ಊರಿನ ಹೆಸರು ಇನ್ನೂ ಬಿಜಾಪುರ. ನಮ್ಮ ಹಳ್ಳಿಯ ಹೈಸ್ಕೂಲಿಗೆ ಹೊಸದಾಗಿ ಬಂದ ಡ್ರಿಲ್ ಮಾಸ್ತರರು ಎಲ್ಲಿಂದಲೋ ಒಂದು ಬಾಸ್ಕೆಟ್‌ಬಾಲ್ ತಂದರು. ಕಂಬಕ್ಕೆ ಪಂಚರು ದುಡ್ಡು ಕೊಟ್ಟರು, ರಿಂಗನ್ನು ಕಮ್ಮಾರ ಬಗ್ಗಿಸಿಕೊಟ್ಟ. ರಿಂಗಿನ ಅಗಲ ಹದಿನೆಂಟು ಇಂಚು, ಅಂದರೆ ಸರಿಯಾಗಿ ಒಂದು ಮೊಳ, ಅದರಲ್ಲೇನೂ ತಕರಾರಿಲ್ಲ. ತಕರಾರು ಎತ್ತರದ್ದು. ಹತ್ತು ಅಡಿ ಎಂದರೆ ಆರು ಮೊಳದ ಮೇಲೆ ಒಂದಡಿ. "ಚಿಲ್ಲರೆ ಯಾಕ್ರೀ ಮಾಸ್ತರ, ಏಳು ಮೊಳ ಮಾಡೂಣು," ಎಂದ ಕಮ್ಮಾರ. ಅಳೆದದ್ದು ತನ್ನ ಕೈಯಿಂದ, ಅವನ ಕೈಯೋ ಆಲದ ಬಿಳಲು. ನಾವು ಒಂದು ವರ್ಷ ಹೆಚ್ಚುಕಡಿಮೆ ಹನ್ನೊಂದು ಅಡಿಗೆ ಚೆಂಡು ಎಸೆದು ಕಲಿತೆವು. ಬಿಜಾಪುರದ ಹತ್ತಡಿ ರಿಂಗಿನ ಮೇಲಿಂದ ನಮ್ಮ ಚೆಂಡುಗಳು ಯಾಕೆ ಹಾರಿಹೋದವು ಎಂಬುದಕ್ಕೆ ಇದು ಕಾರಣ. ನೆವ ಅಲ್ಲ, ಕಾರಣ.

ಕಂಬದ ಹಿಂದೆಯೇ ಶಾಲೆಯ ಗೋಡೆ. ಅದರ ಮೇಲೆ ಡ್ರಾಯಿಂಗ್ ಮಾಸ್ತರರು ಕೆಮ್ಮಣ್ಣಿನಲ್ಲಿ 'ಸೋಲೇ ಗೆಲುವಿನ ಮೆಟ್ಟಿಲು' ಎಂದು ಬರೆದಿದ್ದರು. ಗುರಿ ತಪ್ಪಿದ ಚೆಂಡು ಬಡಿದು ಬಡಿದು ಮೊದಲನೇ ಅಕ್ಷರ ಅಳಿಸಿಹೋಯಿತು. ಉಳಿದದ್ದು: 'ಲೇ ಗೆಲುವಿನ ಮೆಟ್ಟಿಲು'. ಗೆಲುವನ್ನು ಇಷ್ಟು ಸಲಿಗೆಯಿಂದ ಕರೆದ ಶಾಲೆ ಜಿಲ್ಲೆಯಲ್ಲಿ ಇನ್ನೊಂದು ಇದ್ದಿರಲಾರದು.

ಎರಡನೇ ಕಂಬ ಮುಂದಿನ ವರ್ಷ ಬರುವುದಿತ್ತು. ಅಲ್ಲಿಯವರೆಗೆ ಮೈದಾನದ ಆಚೆ ತುದಿಯಲ್ಲಿ ಒಂದು ಬೇವಿನ ಗಿಡ. "ಆ ಕಡಿನೂ ಹಿಂಗಽ ಒಂದು ರಿಂಗ್ ಐತಿ ಅಂತ ತಿಳ್ಕೋರಿ," ಎಂದರು ಮಾಸ್ತರರು. ನಾವು ತಿಳಿದುಕೊಂಡೆವು. ತಿಳಿದುಕೊಂಡದ್ದು ಕಾಲಿಗೆ ಇಳಿಯಲಿಲ್ಲ ಎಂಬುದು ತಾಲೂಕು ಕ್ರೀಡಾಕೂಟದ ದಿನ ಗೊತ್ತಾಯಿತು.

ಎದುರಿಗೆ ಪಟ್ಟಣದ ಹುಡುಗರು. ಬಿಳಿ ಬೂಟು, ನಂಬರ್ ಹೊಲಿದ ಬನಿಯನ್ನು. ನಮ್ಮದು ಖಾಕಿ ಚಡ್ಡಿ, ಬರಿಗಾಲು, ಅಂಗಿಯ ಬೆನ್ನ ಮೇಲೆ ಸೀಮೆಸುಣ್ಣದ ನಂಬರು. ಬೆವರಿಗೆ ಹತ್ತೇ ನಿಮಿಷದಲ್ಲಿ ನಂಬರೆಲ್ಲ ಕರಗಿ ಐದೂ ಜನ ಒಂದೇ ಆದೆವು. ಮಧ್ಯಾಹ್ನದ ಬಿಸಿಲಿಗೆ ಸಿಮೆಂಟಿನ ಕೋರ್ಟು ರೊಟ್ಟಿ ಹಂಚಾಗಿತ್ತು. ನಾವು ಓಡಲಿಲ್ಲ, ಕುಣಿದೆವು. ಅರ್ಧಕ್ಕೆ 38–4. ನಾಲ್ಕರಲ್ಲಿ ಎರಡು ನನ್ನವು, ಫ್ರೀ ಥ್ರೋ.

ಅರ್ಧ ಆದ ಮೇಲೆ ಬದಿ ಬದಲಾಯಿಸುತ್ತಾರೆ. ಹೇಳಿದ್ದರು, ಕೇಳಿದ್ದೆವು. ಆದರೆ ಹುಟ್ಟಾ ಒಂದೇ ರಿಂಗ್ ಕಂಡವರು ನಾವು. ನಮ್ಮ ಉದ್ದನ್ನ ಹುಡುಗ ಚೆಂಡು ಹಿಡಿದವನೇ ಮೊದಲ ಅರ್ಧದಲ್ಲಿ ಪರಿಚಯವಾಗಿದ್ದ ರಿಂಗಿನ ಕಡೆ ನಡೆದ. ಎದುರಾಳಿಗಳು ಭಾಳ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಂತರು. ಚೆಂಡು ಬಿತ್ತು. ನಾವು ಅಪ್ಪಿಕೊಂಡು ಕುಣಿದೆವು. ಲೆಕ್ಕ ಬರೆಯುವವರು ಎರಡು ಅಂಕವನ್ನು ಆ ಕಡೆಗೆ ಬರೆದರು. ಅವರು ತಪ್ಪು ಬರೆದಿದ್ದಾರೆ ಎಂದು ನಮ್ಮ ಮಾಸ್ತರರು ಜಗಳ ತೆಗೆದಿದ್ದಾಗಲೇ ನಾನು ಹೋಗಿ ಅಲ್ಲೇ ಇನ್ನೊಂದು ಹಾಕಿಬಂದೆ. ಜೀವಮಾನದಲ್ಲಿ ನನಗೆ ಯಾರೂ ಅಷ್ಟು ಸಲೀಸಾಗಿ ದಾರಿ ಬಿಟ್ಟಿಲ್ಲ.

ಇಲ್ಲಿ ಒಂದು ಲೆಕ್ಕ ಬಾಕಿ ಇದೆ. ತಪ್ಪು ಖಾತೆಗೆ ಜಮಾ ಆದ ದುಡ್ಡನ್ನು ಸರಿಪಡಿಸುವುದರಲ್ಲೇ ನನ್ನ ಅರ್ಧ ಸರ್ವಿಸ್ ಕಳೆದಿದೆ. ಆ ನಾಲ್ಕು ಅಂಕವನ್ನು ಅವರ ಖಾತೆಯಿಂದ ತೆಗೆದು ನಮ್ಮದಕ್ಕೆ ಹಾಕಿದರೆ 67–10. ಅಂತರ 57. ನಿಮಿಷಕ್ಕೆ 1.42. ಅಂದರೆ ಥಂಡರಿಗಿಂತ ನಾವು ಮೇಲು. ಅಳಿಯನಿಗೆ ತೋರಿಸಿದೆ, ಅವನು ಒಪ್ಪಲಿಲ್ಲ. "ರೂಲ್ಸ್ ಅಂದ್ರ ರೂಲ್ಸ್ ಮಾಮಾ," ಎಂದ. ಕಸ ಹಾಕುವ ರೂಲ್ಸು ಮಾತ್ರ ಇವನಿಗೆ ನೆನಪಿರುವುದಿಲ್ಲ.

ಕಡೆಯ ಹತ್ತು ನಿಮಿಷ ಅವರ ದೊಡ್ಡ ಹುಡುಗರು ಕೂತು ಕಬ್ಬಿನ ಹಾಲು ಕುಡಿದರು. ಇಳಿದವರು ಚಿಕ್ಕವರು. ಅದರಲ್ಲೊಬ್ಬ ನಮ್ಮ ಹಾಗೇ ಬರಿಗಾಲಿನವನು, ಪಾಪ, ಬೂಟು ಆಡುವ ಐದು ಜನಕ್ಕಷ್ಟೇ ಇದ್ದವೇನೋ. ಅವನಿಗೆ ತಾನೂ ಒಂದು ಬುಟ್ಟಿ ಹಾಕಬೇಕೆಂಬ ಹಠ, ನನಗೆ ಹಾಕಗೊಡಬಾರದೆಂಬ ಹಠ. ಆಗ ಮೈದಾನದಲ್ಲಿ ಯಾರಿದ್ದರು? ಜನ ಎದ್ದುಹೋಗಿದ್ದರು. ನಮ್ಮ ಮಾಸ್ತರರು ಬಸ್ಸಿನ ವೇಳೆ ಕೇಳಲು ಹೋಗಿದ್ದರು. ಅವನು ನನ್ನ ಮೊಳಕೈ ಕೆರೆದ, ನಾನು ಅವನ ಕಾಲು ತುಳಿದೆ. ಸಿಮೆಂಟು ಸುಡುವುದನ್ನು ಇಬ್ಬರೂ ಮರೆತಿದ್ದೆವು. ಕಡೆಗೆ ಒಂದು ಚೆಂಡು ನನ್ನ ಕೈಯಿಂದ ಹೋಗಿ ಸರಿಯಾದ ರಿಂಗಿನಲ್ಲೇ ಬಿತ್ತು. ತಿರುಗಿ ನೋಡಿದರೆ ಲೆಕ್ಕದವರು ಸೀಮೆಸುಣ್ಣ ಡಬ್ಬಿಯೊಳಗೆ ಹಾಕುತ್ತಿದ್ದರು. "ಸರ್, ಆರು ಬರೀರಿ ಸರ್," ಎಂದು ಓಡಿಹೋದೆ. ಬರೆದರು. ಎಷ್ಟು ಸಣ್ಣ ಆರು ಅಂದರೆ ಹತ್ತಿರ ಹೋದವನಿಗೆ ಮಾತ್ರ ಕಾಣಬೇಕು.

ಮೆಂಫಿಸ್ ಪಂದ್ಯದಲ್ಲೂ ಒಂದು ಹಂತಕ್ಕೆ ಅಂತರ 78 ಆಗಿತ್ತು, ಮುಗಿದದ್ದು 73ಕ್ಕೆ. ಎಪ್ಪತ್ತೆಂಟು ಹಿಂದಿದ್ದವರು ಮತ್ತೆ ಐದು ಗಂಟು ಬಿಚ್ಚಿದರಲ್ಲ, ಯಾಕೆ? ಅಳಿಯನನ್ನು ಕೇಳಿದರೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದ.

ಸಂಜೆ ಮಾಸ್ತರರು ನಮ್ಮನ್ನು ಗಾಂಧಿ ಚೌಕದ ಹತ್ತಿರ ನಿಲ್ಲಿಸಿ ತಲೆಗೆ ಎರಡರ ಹಾಗೆ ಮಿರ್ಚಿ ಭಜಿ ಕೊಡಿಸಿದರು. ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಜೇಬಿನ ಚಿಲ್ಲರೆ ಎಣಿಸುತ್ತಿದ್ದರು. ಮರುದಿನ ಶಾಲೆಯ ದಫ್ತರದಲ್ಲಿ ಬರೆದರು: 'ಬಾಸ್ಕೆಟ್‌ಬಾಲ್: ಭಾಗವಹಿಸಲಾಯಿತು.'

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. 2025ರ ಜೂನ್ 23, ಸೋಮವಾರ ಮುಂಜಾನೆ ಪುಣೆಯಿಂದ ಫೋನು. ಅಳಿಯ ಈಗ ಅಲ್ಲಿ ನೌಕರಿಯಲ್ಲಿದ್ದಾನೆ. "ಮಾಮಾ, ಗೆದ್ವಿ!" ಥಂಡರ್ 103, ಇಂಡಿಯಾನಾ 91, ಫೈನಲ್ಲಿನ ಏಳನೇ, ಕಡೆಯ ಪಂದ್ಯ, ಎನ್‌ಬಿಎ ಚಾಂಪಿಯನ್ ಪಟ್ಟ. ಇದೇ ಇಂಡಿಯಾನಾ 2021ರ ಮೇ ತಿಂಗಳಲ್ಲಿ ಥಂಡರನ್ನು ಅವರ ಮನೆಯಲ್ಲೇ 152–95ರಿಂದ ಹೊಡೆದಿತ್ತು. ಅಂತರ 57, ನನ್ನ ತಿದ್ದಿದ ಲೆಕ್ಕದಷ್ಟೇ. ಇದೇ ಮೆಂಫಿಸ್ಸನ್ನು 2025ರದೇ ಏಪ್ರಿಲ್‌ನಲ್ಲಿ 131–80ರಿಂದ ಕೆಡವಿದ್ದರು. ಅದೇ ಕೋಚು, ಅದೇ ಡಾರ್ಟು. "ನೋಡ್ರಿ ಮಾಮಾ, ಅವತ್ತು ಸೋತಿದ್ದಕ್ಕ ಇವತ್ತು ಗೆದ್ದಾರ."

ನನಗೆ ಖುಷಿಯಾಗಬೇಕಿತ್ತು, ಮೈ ಉರಿಯಿತು. ಆ 73ರ ಜೊತೆ ನಾನು ಮೂರೂವರೆ ವರ್ಷ ಸಂಸಾರ ಮಾಡಿದ್ದೆ, ಈಗ ಅದನ್ನೂ ಒಯ್ದು ಮೆಟ್ಟಿಲು ಮಾಡಿದರು. ಮೊನ್ನೆ ಕಾಲೇಜೊಂದರ ಸಮಾರಂಭಕ್ಕೆ ಹೋಗಿದ್ದೆ. ಮೈಕು ನುಂಗುವ ಹಾಗೆ ಹಿಡಿದುಕೊಂಡ ಒಬ್ಬರು, ತಾವು ಮೂರು ಸಲ ಫೇಲಾಗಿ ನಾಲ್ಕನೇ ಸಲ ಸಾಹೇಬರಾದದ್ದನ್ನು ಒಂದು ತಾಸು ಹೇಳಿದರು. ಹುಡುಗರು ಚಪ್ಪಾಳೆ ಹೊಡೆದರು. ನಾಲ್ಕನೇ ಸಲವೂ ಫೇಲಾದವನನ್ನು ಯಾರು ಶಾಲು ಹೊದಿಸಿ ಕರೆಯುತ್ತಾರೆ? ಗೆದ್ದವನಿಗೆ ಮಾತ್ರ ತನ್ನ ಸೋಲು ಹೇಳಿಕೊಳ್ಳುವ ಪರವಾನಗಿ. ನಮ್ಮ ಶಾಲೆ ಮುಂದಿನ ವರ್ಷವೂ ಸೋತಿತು, ಅದರ ಮುಂದಿನ ವರ್ಷ ಚೆಂಡು ಒಡೆದದ್ದರಿಂದ ಆಡಲು ಹೋಗಲೇ ಇಲ್ಲ. ಅದರಿಂದ ಏನು ಸಿದ್ಧವಾಯಿತು ಎಂದು ಯೋಚಿಸುತ್ತ ಕೂತಿದ್ದಾಗ ಗಾಡಿಯ ಹಾಡು ಕೇಳಿಸಿತು. ಬಕೆಟ್ ಹಿಡಿದು ಎದ್ದೆ. ಏನೋ ಹೊಳೆಯುವುದಿತ್ತು, ಹೋಯಿತು.

ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ ಒಂದು ದಿನ ಹಳ್ಳಿಗೆ ಹೋಗಿದ್ದೆ. ಕಂಬ ಹಾಗೇ ಇದೆ, ತುಕ್ಕು ಹಿಡಿದ ರಿಂಗೂ ಇದೆ, ಗೋಡೆಗೆ ಮಾತ್ರ ಹೊಸ ಬಣ್ಣ. ನಾಲ್ಕೈದು ಹುಡುಗರು ಪ್ಲಾಸ್ಟಿಕ್ ಚೆಂಡೊಂದನ್ನು ಮೇಲಕ್ಕೆ ಎಸೆಯುತ್ತಿದ್ದರು. ಮುಟ್ಟುತ್ತಿರಲಿಲ್ಲ. ಎಷ್ಟಾದರೂ ಏಳು ಮೊಳ. ಬೇವಿನ ಗಿಡದ ಕಡೆ ಕೈ ಮಾಡಿ, "ಎರಡನೇ ಕಂಬ ಇನ್ನೂ ಬಂದಿಲ್ಲೇನ್ರೋ?" ಎಂದು ಕೇಳಿದೆ.

ಒಬ್ಬ ಹುಡುಗ ಗಿಡ ನೋಡಿದ, ನನ್ನನ್ನು ನೋಡಿದ.

"ಎರಡನೇದು ಯಾಕ್ರೀ ಅಜ್ಜಾ?"