ಮೊದಲು ನೀರು ಬಿಡಿ, ಆಮೇಲೆ ಹಾರ ಹಾಕಿ

ರಾತ್ರಿ ಎರಡೂವರೆಗೆ ಹಣೆ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಕನಸು ಅಂದ್ಕೊಂಡೆ. ಎರಡನೆಯದು ದಿಂಬಿನ ಮೇಲೆ ಬಿದ್ದಾಗ ಟಾರ್ಚ್ ಹಾಕಿದೆ. ತಲೆ ಮೇಲಿನ ಗಾಳಿಕಿಂಡಿಯ ಚೌಕಟ್ಟಿದೆಯಲ್ಲ, ಅದರ ಒಂದು ಮೂಲೆಯಲ್ಲಿ ನೀರು ಕೂಡಿ, ದಪ್ಪಗಾಗಿ, ಕಳಚಿ ಬೀಳ್ತಾ ಇತ್ತು. ಹೊರಗೆ ಸಾಗರ ಊರಿನ ಮಳೆ. ಒಳಗೆ, ಕೀ ಕೈಗೆ ಬಂದು ಬರೀ ಹದಿಮೂರು ಗಂಟೆ ಆಗಿದ್ದ ನಮ್ಮ ಹೊಸ ಮನೆ.

ಮನೆ ಅಂದರೆ ಒಳಗೇ ವಾಸ ಮಾಡೋಕೆ ಅಂತ ನಾವು ಕಟ್ಟಿಸಿದ ಗಾಡಿ. ಅದು ಬಂತಾ ಅಂತ ಎಲ್ಲರೂ ಕೇಳ್ತಿದ್ದಿರಿ. ಹೌದು, ಬಂತು. ಫೋನ್ ಮಾಡಿದವರಿಗೆಲ್ಲ "ಬಂತು" ಅಂತ ಒಂದೇ ಮಾತು ಹೇಳಿ ಇಟ್ಟುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ನಾವು ಯಾಕೆ ಹೀಗೆ ಹೊರಟ್ವಿ ಅಂತ ನಿಮಗೆಲ್ಲ ಗೊತ್ತೇ ಇದೆ. ಇಬ್ಬರೂ ರಿಟೈರ್ ಆದ್ವಿ, ಮಗಳು ದೂರದಲ್ಲಿದ್ದಾಳೆ, ಇನ್ನು ಗಾಡಿಯೇ ಮನೆ ಅಂತ ತೀರ್ಮಾನ ಮಾಡಿ ಎರಡು ವರ್ಷ. ಕಳೆದ ಬುಧವಾರ ಶಿವಮೊಗ್ಗದ ವಿನೋಬನಗರದ ಬಾಡಿಗೆ ಮನೆ ಖಾಲಿ ಮಾಡಿ ಮಾಲೀಕರ ಕೈಗೆ ಬೀಗದ ಕೈ ಕೊಟ್ವಿ. ಗುರುವಾರ ಬೆಳಿಗ್ಗೆ ಬೆಂಗಳೂರಿನ ಹೊರಗಿರೋ, ಗಾಡಿ ಕಟ್ಟಿಕೊಟ್ಟವರ ಶೆಡ್ಡಿಗೆ ಹೋದ್ವಿ. ನಡುವಿನ ಒಂದು ರಾತ್ರಿ ನಮಗೆ ಮನೆ ಅಂತ ಯಾವುದೂ ಇರಲಿಲ್ಲ, ರೈಲಿನಲ್ಲಿ ಕಳೆದ್ವಿ. ಆವತ್ತು ಅದು ಸಂತೋಷದ ವಿಷಯವಾಗಿತ್ತು.

ಶೆಡ್ಡಲ್ಲಿ ನಮಗಾಗಿ ಎಲ್ಲ ತಯಾರಿ ಆಗಿತ್ತು. ಗಾಡಿಗೆ ಸೇವಂತಿಗೆ ಹಾರ, ಮುಂದಿನ ಗಾಜಿಗೆ ಕುಂಕುಮ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಫೋಟೋಕ್ಕೆ ಅಂತ ಥರ್ಮೋಕೋಲಿನ ಇಷ್ಟುದ್ದ ಕೀ. ಮದುವೆ ದಿಬ್ಬಣಕ್ಕೆ ಹೋಗೋ ಟಿಟಿ (ಟೆಂಪೋ ಟ್ರಾವೆಲರ್) ಗಾಡಿಯ ಅಳತೆ. ಆದರೆ ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಪುಟ್ಟ ಬಚ್ಚಲು. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಾನು ಕೇಳಿದ್ದು ಒಂದೇ: "ಮೇಲಿಂದ ಒಂದರ್ಧ ಗಂಟೆ ಪೈಪಲ್ಲಿ ನೀರು ಬಿಡಿ, ನಾನು ಒಳಗೆ ಕೂತು ನೋಡ್ತೀನಿ."

ಗಾಡಿ ತೋರಿಸ್ತಿದ್ದ ಶೆಡ್ಡಿನ ಹುಡುಗ ಉತ್ತರ ಕೊಟ್ಟಿದ್ದು ನನಗಲ್ಲ, ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ. "ವಾಟರ್ ಟೆಸ್ಟ್ ಆಗಿದೆ ಸಾರ್. ಇವತ್ತು ಟ್ಯಾಂಕರ್ ಬೇರೆ ಬಂದಿಲ್ಲ. ಒಂದೂವರೆಗೆ ರಾಹುಕಾಲ ಶುರುವಾಗುತ್ತೆ, ಅಷ್ಟರೊಳಗೆ ಹೊರಟುಬಿಡಿ." 120 ಲೀಟರಿನ ನೀರಿನ ಟ್ಯಾಂಕಲ್ಲಿ ತಳ ಮುಚ್ಚೋವಷ್ಟು ನೀರಿತ್ತು. ಸಿಂಕಿನ ನಲ್ಲಿ ತಿರುಗಿಸಿ ತೋರಿಸಿದ, ನಾಲ್ಕು ಹನಿ ಬಂತು, ನಿಲ್ಲಿಸಿದ. ಇಡೀ ಗಾಡಿಯ ವಿವರಣೆ ಇಪ್ಪತ್ತೈದು ನಿಮಿಷ. ಫೋಟೋ ತೆಗೆದಿದ್ದು ಅದಕ್ಕಿಂತ ಹೆಚ್ಚು ಹೊತ್ತು.

ನಾನು ಸಹಿ ಹಾಕಿದೆ. ಇದನ್ನ ಬರೆಯೋಕೆ ನನಗೆ ಕಷ್ಟ ಆಗ್ತಿದೆ. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಪುಸ್ತಕದಲ್ಲಿದೆ ಅಂತ ಒಪ್ಪಬೇಡಿ, ಮಾಡಿ ನೋಡಿ ಅಂತ ಎಷ್ಟು ಮಕ್ಕಳಿಗೆ ಹೇಳಿದ್ದೀನೋ ಲೆಕ್ಕವಿಲ್ಲ. ಆ ಹೊತ್ತಲ್ಲಿ ಹಾರ ಹಾಕಿದ ಗಾಡಿ, ಸಿಹಿ ಹಿಡಿದು ನಿಂತ ಜನ, ಪೂಜೆ ಮುಗಿಸಿ ಕಾಯ್ತಿರೋ ಭಟ್ಟರು. ಇವರೆಲ್ಲರ ಮುಂದೆ "ನೀರು ಬಿಡದೆ ನಾನು ಹೊರಡಲ್ಲ" ಅನ್ನೋಕೆ ಬಾಯಿ ಬರಲಿಲ್ಲ. ಹಾರ ಇರೋದು ಗಾಡಿಯ ಗೌರವಕ್ಕೆ. ಅಲ್ಲಿ ಅದನ್ನ ನನ್ನ ಬಾಯಿ ಮುಚ್ಚಿಸೋಕೆ ಬಳಸಿದರು. ನನ್ನ ಸಿಟ್ಟೆಲ್ಲ ಇದೇ.

ನಮ್ಮ ಕಡೆ ಹೊಸ ಮನೆ ಕಟ್ಟಿದವರನ್ನ ಕೇಳಿ ನೋಡಿ. ಗೃಹಪ್ರವೇಶ ಆದ ಮಾತ್ರಕ್ಕೆ ಮನೆ ಚೆನ್ನಾಗಿದೆ ಅಂತ ಯಾರೂ ಹೇಳಲ್ಲ. ಒಂದು ಮಳೆಗಾಲ ಕಳೀಲಿ ಅಂತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಹುಯ್ಯುತ್ತೆ. ಇಂಥ ಸೀಮೆಯಲ್ಲಿ ಸೋರದ ಮಾಡು ಅನ್ನೋದೇ ಮನೆಯ ಮೊದಲ ಲಕ್ಷಣ, ಉಳಿದಿದ್ದೆಲ್ಲ ಆಮೇಲೆ. ನಾವು ಶಿವಮೊಗ್ಗದವರು, ಮಳೆಗಾಲದಲ್ಲೂ ಇದರಲ್ಲೇ ಇರ್ತೀವಿ ಅಂತ ಮೊದಲ ದಿನವೇ ಅವರಿಗೆ ಹೇಳಿದ್ದೆ.

ಶುಕ್ರವಾರ ಮಳೆ ಬಿಟ್ಟ ಮೇಲೆ ನನ್ನ ತಮ್ಮ ಏಣಿ ತಂದು ಹತ್ತಿದ. ನಾನೂ ಹತ್ತಿದೆ. ಗಾಳಿಕಿಂಡಿಗೆ ಅಂತ ಮಾಡಿನಲ್ಲಿ 14 ಇಂಚಿನ ಚೌಕ ಕೊರೆದಿರ್ತಾರೆ. ಚೌಕಟ್ಟು ಕೂರಿಸೋ ಮೊದಲು ಅದರ ಅಡಿಗೆ ಮೆತ್ತಗಿನ, ಅಂಟೋ ಬ್ಯೂಟೈಲ್ ರಬ್ಬರಿನ ಪಟ್ಟಿ ಹಾಕಬೇಕು, ಆಮೇಲೆ ಸ್ಕ್ರೂ, ಮೇಲಿಂದ ಸಂದು ಮುಚ್ಚೋ ಸೀಲೆಂಟು. ಇಲ್ಲಿ ಅಡಿಗೆ ಏನೂ ಇಲ್ಲ. ಮೇಲೆ ಬಚ್ಚಲುಮನೆಗೆ ಹಚ್ಚೋ ಥರದ ಸಿಲಿಕಾನು, ಅಷ್ಟೇ. ಮೂಲೆಯಲ್ಲಿ ಉಗುರು ಹಾಕಿ ಎತ್ತಿದೆ, ಹಲಸಿನ ಮೇಣ ಒಣಗಿದ ಮೇಲೆ ಏಳುತ್ತಲ್ಲ, ಹಾಗೆ ಒಂದು ಗೇಣುದ್ದ ಎದ್ದು ಬಂತು. ಅಡಿಯಲ್ಲಿ ದೂಳು ಹಾಗೇ ಇತ್ತು. ಒರೆಸದೇ ಹಚ್ಚಿದ್ದಾರೆ. ರಸ್ತೆ ಮೇಲೆ ಓಡೋ ಗಾಡಿ ಗುಂಡಿಗೆ, ತಿರುವಿಗೆ ಮೈ ತಿರುಚುತ್ತಾ ಇರುತ್ತೆ, ಹಿಡಿತ ಇಲ್ಲದ್ದು ಎಲ್ಲಿ ನಿಲ್ಲುತ್ತೆ? ಈಗ ಅದರ ಮೇಲೇ ಇನ್ನೊಂದು ಪದರ ಬಳಿಯೋ ಹಾಗೂ ಇಲ್ಲ. ಹಳೇ ಸಿಲಿಕಾನಿನ ಮೇಲೆ ಹೊಸದು ಕಚ್ಚಲ್ಲ, ಪೂರ್ತಿ ಕೆರೆದು ತೆಗೆದು ಮೊದಲಿಂದ ಮಾಡಬೇಕು.

"ಎಂತ ಅಕ್ಕ ಇದು, ಹೊಸದಲ್ವ?" ಅಂದ ತಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಿಲಿಂಡರ್ ಇಡೋ ಗೂಡು ನೋಡಿದ ಮೇಲಂತೂ ಮೈ ಜುಂ ಅಂತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೆಲಕ್ಕೆ ಕೂರುತ್ತೆ. ಅದಕ್ಕೇ ಆ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು. ಇಲ್ಲಿ ಇರಲಿಲ್ಲ. ಗೂಡಿನ ಪಕ್ಕದ ಹಲಗೆಯಾಚೆ ನಾವು ಮಲಗೋ ಜಾಗ. ಕೂಡಲೇ ಸಿಲಿಂಡರ್ ಕೆಳಗಿಳಿಸಿದೆ. ಇದನ್ನ ಕಂಡುಹಿಡಿಯೋಕೆ ನೀರೂ ಬೇಡ, ಟ್ಯಾಂಕರ್ರೂ ಬೇಡ, ಬಗ್ಗಿ ನೋಡಿದರೆ ಸಾಕಿತ್ತು. ಗುರುವಾರ ನಾನೂ ಬಗ್ಗಿರಲಿಲ್ಲ.

ಬ್ಯಾಟರಿ, ಸೋಲಾರು, ಲೈಟು ಎಲ್ಲ ಸರಿಯಾಗಿವೆ, ಅದನ್ನೂ ಹೇಳಬೇಕು.

ಫೋನ್ ಮಾಡಿದೆ. "ತಂದು ಬಿಡಿ ಮೇಡಂ, ವಾರಂಟಿ ಇದೆಯಲ್ಲ, ಎಂಟು ಹತ್ತು ದಿನದಲ್ಲಿ ಮಾಡಿಕೊಡ್ತೀವಿ." ನಮ್ಮ ಬಳಗದಲ್ಲೂ ಇಬ್ಬರು ಇದನ್ನೇ ಹೇಳಿದರು. ಹೊಸ ಗಾಡಿ ಅಂದಮೇಲೆ ಸಣ್ಣಪುಟ್ಟದು ಇರುತ್ತೆ, ಕೈಯಲ್ಲಿ ಕಟ್ಟಿದ್ದು, ಫ್ಯಾಕ್ಟರಿಯಿಂದ ಸಾವಿರಗಟ್ಟಲೆ ಬರೋ ಕಾರಲ್ಲ, ಸ್ವಲ್ಪ ಸಹಿಸ್ಕೊಳ್ಳಿ ಅಂತ. ಕೈಯಲ್ಲಿ ಕಟ್ಟಿದ್ದು ಅನ್ನೋದು ನಿಜ. ಒಂದೊಂದು ಗಾಡಿಯೂ ಒಂದೊಂದು ಥರ ಆಗುತ್ತೆ, ಅದಕ್ಕೇ ಅಲ್ಲವಾ ಒಂದೊಂದನ್ನೂ ಪರೀಕ್ಷೆ ಮಾಡಬೇಕಾಗಿದ್ದು? ಇನ್ನು ವಾರಂಟಿ. ರಜಕ್ಕೆ ಅಂತ ಇಟ್ಟುಕೊಂಡವರ ಗಾಡಿ ಹತ್ತು ದಿನ ಶೆಡ್ಡಲ್ಲಿ ನಿಂತರೆ ಒಂದು ಪ್ರವಾಸ ತಪ್ಪುತ್ತೆ. ನಮ್ಮದು ನಿಂತರೆ ಹಾಸಿಗೆ, ಅಕ್ಕಿ ಡಬ್ಬ, ಇವರ ಬಿಪಿ ಮಾತ್ರೆ, ದೇವರ ಫೋಟೋ ಎಲ್ಲ ಶೆಡ್ಡಲ್ಲಿ. ನಾವು ಎಲ್ಲಿರಬೇಕು? ವಿನೋಬನಗರದ ಮನೆಗೆ ಈಗ ಬೇರೆ ಬೀಗ. ರಿಪೇರಿ ಬಿಟ್ಟಿ ಅನ್ನೋದು ದೊಡ್ಡ ಮಾತಲ್ಲ. ಅದರಲ್ಲೇ ವಾಸ ಮಾಡೋರಿಗೆ ಮೊದಲ ದಿನವೇ ಸರಿ ಇರೋ ಗಾಡಿ ಬೇಕು, ಸರಿ ಇದೆ ಅಂತ ಎದುರಿಗೇ ನೀರು ಬಿಟ್ಟು ತೋರಿಸಬೇಕು.

ನಾನು ಮನೆ ವಿಷಯಕ್ಕೆ ಇಷ್ಟು ಹಟ ಮಾಡೋದು ಯಾಕೆ ಅಂತ ಹಳಬರಿಗೆ ಗೊತ್ತಿರಬಹುದು. ನಮ್ಮದು ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜನ ಮನೆ ಮುಳುಗಡೆ ಆಯ್ತು. ನಾನು ಆ ಮನೆ ನೋಡಿಲ್ಲ. ಆದರೆ ಜಗಲಿ ಎಷ್ಟು ಉದ್ದ, ಬಾವಿ ಯಾವ ಮೂಲೆಯಲ್ಲಿತ್ತು ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ದರು. ನಾವು ಲಾಂಚಿಗೆ ಕಾದು ಕಾದು ಹೊಳೆ ದಾಟಿ ಓದಿದವರು. 2025ರ ಜುಲೈಯಲ್ಲಿ ಅದೇ ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದ ಮೇಲೆ ನನ್ನದೊಂದೇ ಆಸೆ ಇತ್ತು. ಗಾಡಿ ಬಂದ ಮೊದಲನೇ ವಾರವೇ ನಮ್ಮ ಮನೆಯನ್ನ ಆ ಸೇತುವೆ ಮೇಲೆ ನಾನೇ ಓಡಿಸಿಕೊಂಡು ಹೋಗಬೇಕು, ಅಜ್ಜನ ಮನೆ ಇದ್ದ ನೀರು ಕಾಣೋ ಕಡೆ ನಿಲ್ಲಿಸಿ ಕಾಫಿ ಮಾಡಬೇಕು ಅಂತ. ಆ ವಾರ ಹೋಯ್ತು. ಗಾಡಿ ಈಗ ತಮ್ಮನ ಅಂಗಳದಲ್ಲಿ, ಅಡಿಕೆ ಒಣಗಿಸೋವಾಗ ಮುಚ್ಚೋ ಟಾರ್ಪಾಲು ಹೊದ್ದು ನಿಂತಿದೆ. ನೆನೆದ ಹಾಸಿಗೆಯನ್ನ ಒಲೆ ಪಕ್ಕ ಹರವಿದ್ದೀನಿ, ಇನ್ನೂ ಒಣಗಿಲ್ಲ. ಬಿಟ್ಟರೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತೆ.

ಸೋಮವಾರ ವಾಪಸ್ ಒಯ್ತೀವಿ. ಏನೇನು ಆಗಬೇಕು ಅಂತ ಬರೆದು ಕಳಿಸಿದ್ದೀನಿ. ಗಾಳಿಕಿಂಡಿ ಪೂರ್ತಿ ಬಿಚ್ಚಿ ಕೂರಿಸಬೇಕು, ಸಿಲಿಂಡರ್ ಗೂಡಿಗೆ ತಳದಲ್ಲಿ ಕಿಂಡಿ, ಗ್ಯಾಸಿನ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತಾ ನೋಡಬೇಕು, ಟ್ಯಾಂಕ್ ತುಂಬಿಸಿ ತೂಕ ಹಾಕಿಸಬೇಕು. ಕೊನೆಗೆ ಮಾಡಿನ ಮೇಲೆ ಎರಡು ಗಂಟೆ ನೀರು. ನಾನು ಒಳಗೆ ಟಾರ್ಚ್ ಹಿಡಿದು ಕೂರ್ತೀನಿ, ರಾಹುಕಾಲ ಬಂದರೂ ಏಳಲ್ಲ. ಅವರ ಹತ್ತಿರ ಪೈಪ್ ಇಲ್ಲದಿದ್ದರೂ ತೊಂದರೆ ಇಲ್ಲ. ತೋಟಕ್ಕೆ ನೀರು ಬಿಡೋ ಮೂವತ್ತು ಮೀಟರಿನ ಪೈಪು ತಮ್ಮ ಕೊಟ್ಟಿದ್ದಾನೆ, ಹಿಂದಿನ ಸೀಟಿನ ಕೆಳಗೆ ಸುತ್ತಿ ಇಟ್ಟಾಗಿದೆ.