ಆ ಕಲ್ಲುಮೀನು ಅಲಂಕಾರಕ್ಕೆ ಕೆತ್ತಿದ್ದಲ್ಲ

ಚೀನಾದ ಯಾಂಗ್ತ್ಸೆ ನದಿ ದಂಡೆಯ ಫುಲಿಂಗ್ ಊರಿನ ಬಗ್ಗೆ ನೀವು ಬರೆದ ಲೇಖನ ತುಂಬಾ ಖುಷಿ ಕೊಟ್ಟಿತು. ಆದರೆ ಅಲ್ಲಿ ನದಿಯೊಳಗಿರುವ ಬೈಹೆಲಿಯಾಂಗ್ ಬಂಡೆಯನ್ನು ‘ಕವಿಗಳು ಹೆಸರು ಕೆತ್ತಿದ ಜಾಗ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಕಾಣಲಿಲ್ಲ. ಕವಿ ಹುವಾಂಗ್ ಟಿಂಗ್‌ಜಿಯಾನ್ ಹೆಸರಿನ ಕೆತ್ತನೆ ಅಲ್ಲಿದೆ, ನಿಜ. ಆದರೆ ಅದು ಮೊದಲು ನದಿಯ ಲೆಕ್ಕದ ಪುಸ್ತಕ.

ಸುಮಾರು 1,600 ಮೀಟರ್ ಉದ್ದದ ಆ ಬಂಡೆ ಚಳಿಗಾಲದಲ್ಲಿ ನೀರು ತೀರಾ ಇಳಿದಾಗ ಮಾತ್ರ ಮೇಲೆ ಕಾಣುತ್ತಿತ್ತು. ಆಗ ಜನ ಹೋಗಿ, ಬಂಡೆಯ ಮೇಲೆ ಕೆತ್ತಿದ ಕಲ್ಲುಮೀನಿಗಿಂತ ನೀರು ಎಷ್ಟು ಕೆಳಗಿದೆ ಅಂತ ನೋಡಿ, ವರ್ಷದ ಸಮೇತ ಕೆತ್ತಿಡುತ್ತಿದ್ದರು. ಈ ದಾಖಲೆ ಕ್ರಿ.ಶ. 763ರಷ್ಟು ಹಿಂದಕ್ಕೆ ಹೋಗುತ್ತದೆ! ಮೀನು ಕಂಡರೆ ಆ ವರ್ಷ ಬೆಳೆ ಚೆನ್ನಾಗಿ ಬರುತ್ತದೆ ಅನ್ನೋದು ಅಲ್ಲಿನವರ ನಂಬಿಕೆ. 1685ರಲ್ಲಿ ಹೊಸದಾಗಿ ಕೆತ್ತಿದ ಜೋಡಿಮೀನಿನ ಕಣ್ಣು, ಈಗಿನ ನೀರಳತೆಯ ಸೊನ್ನೆ ಗುರುತಿಗೆ ಹೆಚ್ಚುಕಮ್ಮಿ ಸರಿಹೊಂದುತ್ತದೆ. ಬರೀ ಕಣ್ಣಳತೆಯಲ್ಲಿ ಇದು ಆಗುವ ಕೆಲಸ ಅಲ್ಲ, ಅಲ್ವಾ?

‘ಅಣೆಕಟ್ಟು ಎಲ್ಲವನ್ನೂ ನುಂಗಿತು’ ಅನ್ನುವ ನಿಮ್ಮ ಮಾತೂ ಪೂರ್ತಿ ಸರಿಯಲ್ಲ. ಅದೇ ನದಿಗೆ ಕಟ್ಟಿದ ತ್ರೀ ಗೋರ್ಜಸ್ ಅಣೆಕಟ್ಟಿನಿಂದ ಬಂಡೆ ಕಾಯಂ ಮುಳುಗಿತು, ಆ ಸಂಕಟ ನನಗೂ ಇದೆ. ಆದರೆ ಕಲ್ಲನ್ನು ಕಿತ್ತು ಬೇರೆಡೆ ಸಾಗಿಸಲಿಲ್ಲ. ಇದ್ದಲ್ಲೇ ಸುತ್ತ ಗೋಡೆ ಕಟ್ಟಿ, 2009ರಲ್ಲಿ ನೀರೊಳಗಿನ ಮ್ಯೂಸಿಯಂ ತೆರೆದರು. ಉದ್ದದ ಎಸ್ಕಲೇಟರ್ ಇಳಿದು ನಾನು ನೋಡಿದ್ದೇನೆ. ಗುಂಡು ಕಿಟಕಿಗೆ ಮೂಗು ತಾಗಿಸಿ ನಿಂತರೆ ಹಸಿರು ನೀರಲ್ಲಿ ಮೊದಲು ಏನೂ ಕಾಣಲ್ಲ. ಆಮೇಲೆ ನಿಧಾನವಾಗಿ ಒಂದೊಂದೇ ಅಕ್ಷರ ಮೂಡುತ್ತದೆ. ಕಾಲು ಕೀಳೋಕೆ ಮನಸ್ಸೇ ಬರಲಿಲ್ಲ.