ಐದಡಿಯ ಜಗುಲಿ

ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್‌ಗೆ ಹೋಗಿ ಬಂದವರೆಲ್ಲ ಹಾಕುವುದು ಒಂದೇ ಫೋಟೊ: ಅರ್ಮೇನಿಯನ್ ಬೀದಿಯ ಗೋಡೆಯಲ್ಲಿ ಬಿಡಿಸಿದ ಇಬ್ಬರು ಮಕ್ಕಳು, ಅವರ ಕೆಳಗೆ ಗೋಡೆಗೇ ಕೂರಿಸಿದ ನಿಜವಾದ ಸೈಕಲ್. ಲಿಥುವೇನಿಯದ ಕಲಾವಿದ 2012ರಲ್ಲಿ ಬಿಡಿಸಿದ್ದು. ಸುಳ್ಳೇಕೆ ಹೇಳಲಿ, ನಾನೂ ಸಾಲಿನಲ್ಲಿ ನಿಂತೆ. ಸರದಿ ಬರುವ ಮೊದಲೇ ಬಿಸಿಲು ತಾಳಲಾರದೆ ಹತ್ತಿರದ ಜಗುಲಿಯ ನೆರಳಿಗೆ ಸರಿದೆ.

ಜಗುಲಿ ಎಂದೆನಲ್ಲ, ಅಲ್ಲಿಯವರ ಬಾಯಲ್ಲಿ ಅದು 'ಕಾಕಿ ಲಿಮಾ'. ಮಲಯ್ ಭಾಷೆಯಲ್ಲಿ ಕಾಕಿ ಎಂದರೆ ಅಡಿ, ಲಿಮಾ ಎಂದರೆ ಐದು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಹಳೆಯ ಕಟ್ಟಡಗಳ ಮುಂದೆ, ಮೇಲಂತಸ್ತಿನ ಅಡಿಯಲ್ಲಿ ದಾರಿಹೋಕರಿಗೆಂದು ಬಿಟ್ಟ ಓಣಿ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫೆಲ್ಸ್ ಸಿಂಗಪುರದಲ್ಲಿ ಇಂಥ ಓಣಿ ಬಿಡಬೇಕೆಂದು ನಿಯಮ ಮಾಡಿದ್ದ. ನಿಯಮದ ಪ್ರಕಾರ ಇದು ನಡೆಯುವ ಜಾಗ. ಆದರೆ ಹತ್ತು ಹೆಜ್ಜೆಗೊಂದು ಸ್ಕೂಟರ್, ಹೂಕುಂಡ, ಕೆಂಪು ದೇವರಗೂಡು, ಅದರ ಮುಂದೆ ಹೊಗೆಯಾಡುವ ಊದಿನಕಡ್ಡಿ. ನನಗಂತೂ ಈ ಅಡ್ಡಿಗಳೇ ಇಷ್ಟವಾದವು. ನಮ್ಮ ಹಳ್ಳಿಮನೆಗಳ ಜಗುಲಿಯೂ ಪೂರ್ತಿ ಮನೆಯವರದಲ್ಲ, ಪೂರ್ತಿ ಬೀದಿಯದೂ ಅಲ್ಲ.

ನಾನು ನಿಂತಲ್ಲಿ ವಯಸ್ಸಾದವರೊಬ್ಬರು ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದರು. ಎಳೆಯ ತುದಿಯನ್ನು ಕಾಲ ಹೆಬ್ಬೆರಳಿನಡಿ ಒತ್ತಿಹಿಡಿದು, ಎರಡೂ ಕೈಯಲ್ಲಿ ತೂರಿಸಿ ಬಿಗಿಯುತ್ತಿದ್ದರು. ಪಕ್ಕದ ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕರಿಕಾಫಿ ನೇತಾಡುತ್ತಿತ್ತು. ಅಲ್ಲಿ ಪಾರ್ಸೆಲ್ ಕಾಫಿ ಎಂದರೆ ಹಾಗೆಯೇ: ಚೀಲಕ್ಕೆ ಸುರಿದು, ಬಾಯಿಗೆ ದಾರ ಬಿಗಿದು, ಸ್ಟ್ರಾ ಇಳಿಬಿಟ್ಟು ಕೊಡುತ್ತಾರೆ. ಕತ್ತು ಚಾಚಿ ಒಂದು ಗುಟುಕು, ಮತ್ತೆ ಹೆಣಿಗೆ.

ಊಟದ ಕಥೆಯೂ ಬೀದಿಯದೇ. ಅಲ್ಲಿಯ ಹೆಸರಾಂತ ಊಟ 'ನಾಸಿ ಕಂದರ್'. ನಾಸಿ ಎಂದರೆ ಅನ್ನ, ಕಂದರ್ ಎಂದರೆ ನಮ್ಮ ಕಾವಡಿ. ತಮಿಳು ಮುಸ್ಲಿಮರು ಅನ್ನ, ಸಾರುಗಳನ್ನು ಕಾವಡಿಯಲ್ಲಿ ಹೊತ್ತು ಮಾರುತ್ತಿದ್ದರು. ಈಗ ಕಾವಡಿ ಹೋಗಿದೆ, ಹೆಸರು ಉಳಿದಿದೆ.

ನನ್ನ ತಕರಾರು ಇಲ್ಲಿದೆ. ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಹೊತ್ತಿಗೆ ರದ್ದಾದಾಗ, ತಲೆಮಾರುಗಳಿಂದ ಅಗ್ಗದ ಬಾಡಿಗೆಗೆ ಇದ್ದ ಎಷ್ಟೋ ಸಂಸಾರಗಳು ಮನೆ ಖಾಲಿ ಮಾಡಿದವು. ಊರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 2008ರಲ್ಲಿ. ಈಗ ಪಾರಂಪರಿಕ ಕಟ್ಟಡದ ರೂಪ ಬದಲಿಸಲು ಅನುಮತಿ ಬೇಕು, ಬಾಡಿಗೆ ಏರಿಸಲು ಬೇಡ. ಹಾಗಾಗಿ ಕೆಳಗೆ ಕೆಫೆ, ಮೇಲೆ ಹೋಟೆಲ್ ಕೋಣೆ. ಎರಡು ಸಂಜೆ ಅಲ್ಲೇ ಅಲೆದೆ. ಸೈಕಲ್ ಮೇಲೆ ಕುಳಿತ ಮಕ್ಕಳು ಕಂಡದ್ದು ಗೋಡೆಯಲ್ಲಿ ಮಾತ್ರ. ಅದನ್ನು ಪರಂಪರೆ ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಹೊರಡುವ ಮುಂಚೆ ಬೆತ್ತದವರ ಹತ್ತಿರ ಕುರ್ಚಿಗೆ ಎಷ್ಟೆಂದು ಸನ್ನೆಯಲ್ಲಿ ಕೇಳಿದೆ. ಅವರು ತಲೆ ಎತ್ತಿ ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿದರು. ದಾರಿ ತಪ್ಪಿದವನೆಂದು ತಿಳಿದಿರಬೇಕು. ಗದ್ದ ಎತ್ತಿ ಸಾಲಿನ ಕಡೆಗೆ ತೋರಿಸಿ, "ಬೈಸಿಕಲ್, ಅಲ್ಲಿ" ಎಂದರು.